ತಾಯಿಯ ಬಲ, ದಿನದ ಕೂಲಿ

ತಾಯಿ ಮಗುವಿನ ಆರೋಗ್ಯವನ್ನು ನಾವು ಬಹುಕಾಲ ಹೆರಿಗೆ ಎಲ್ಲಾಯಿತು ಎಂಬುದರಿಂದಲೇ ಅಳೆದೆವು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆಗೆ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು ಬಂದರು. ಹಿಂದೆಯೇ ಮಡಿಲು ಕಿಟ್, ತಾಯಿ ಕಾರ್ಡ್. ಅದರ ಫಲ ದೊಡ್ಡದು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2004-06ರಲ್ಲಿ 213 ಇದ್ದ ತಾಯಂದಿರ ಸಾವು 2018-20ರ ಹೊತ್ತಿಗೆ 69ಕ್ಕೆ ಇಳಿಯಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಆಸ್ಪತ್ರೆ ಹೆರಿಗೆ ಶೇ 97ಕ್ಕೆ ಮುಟ್ಟಿತು. ಅದೇ ಸಮೀಕ್ಷೆಯಲ್ಲಿ ಗರ್ಭಿಣಿಯರ ರಕ್ತಹೀನತೆ ಮಾತ್ರ ಶೇ 45.7, ಹಿಂದಿನ ಸಮೀಕ್ಷೆಯಲ್ಲಿ ಅದು 45.4 ಇತ್ತು. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಹೆರಿಗೆ ಕೋಣೆಯಲ್ಲಿ ಗೆದ್ದದ್ದನ್ನು ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಸೋಲುತ್ತಿದ್ದೇವೆ.

ಸೋಲು ಎಲ್ಲಿದೆ ಎಂಬುದು ಹಾವೇರಿ ಜಿಲ್ಲೆಯಲ್ಲಿ ಕಣ್ಣಿಗೆ ಕಾಣುತ್ತದೆ. ರಾಣೆಬೆನ್ನೂರು ಸೀಮೆಯ ಬೀಜದ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸ, ಹೆಚ್ಚಾಗಿ ಹೆಂಗಸರದು. ಹತ್ತಿಯಾದರೆ ಸಂಜೆ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಒಂದೊಂದು ಹೂವಿಗೂ ಕೈಯಿಂದ ಪರಾಗ ಸವರಬೇಕು. ಬ್ಯಾಡಗಿಯಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು, ಘಾಟಿನ ನಡುವೆ ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಕೂಲಿ ತೂಕದ ಲೆಕ್ಕದಲ್ಲಿ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಇಟ್ಟಿತು. ಒಳ್ಳೆಯ ಯೋಜನೆ. ಆದರೆ ಹೊಲ ಬಿಟ್ಟು ಅಂಗನವಾಡಿಗೆ ನಡೆದರೆ ಆ ಹೊತ್ತಿನ ಕೂಲಿ ಹೋಗುತ್ತದೆ. ಅದೇ ವರ್ಷ ಹೆರಿಗೆ ರಜೆ 26 ವಾರಕ್ಕೆ ಏರಿತು. ಈ ಕೂಲಿಕಾರರಿಗೆ ಅದು ದಕ್ಕಲಿಲ್ಲ.

ತಾಯಂದಿರಲ್ಲಿ ಕಷ್ಟ ಎದುರಿಸುವ ಶಕ್ತಿ ಬೆಳೆಸಬೇಕೆಂಬ ಚಿಂತನೆ ಈ ಕೊರತೆಯನ್ನು ತುಂಬಬಲ್ಲದೇ? ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಗಮನಿಸಿದ ಮನೋವಿಜ್ಞಾನಿ ಎಮ್ಮಿ ವರ್ನರ್, ಕಷ್ಟದಲ್ಲಿ ಬೆಳೆದೂ ನೆಟ್ಟಗೆ ನಿಂತವರ ಬದುಕಿನಲ್ಲಿ ನೆಚ್ಚಬಹುದಾದ ಒಬ್ಬ ಹಿರಿಯರಾದರೂ ಇದ್ದರೆಂದು ಕಂಡುಕೊಂಡರು. ಅಂಥ ಆಸರೆಯನ್ನು ತಾಯಂದಿರೂ ಒಬ್ಬರಿಗೊಬ್ಬರು ಕೊಡಬಲ್ಲರು. ಜಾರ್ಖಂಡ್, ಒಡಿಶಾಗಳಲ್ಲಿ ಏಕಜುಟ್ ಸಂಸ್ಥೆ ಹಳ್ಳಿಯ ಹೆಂಗಸರನ್ನು ತಿಂಗಳಿಗೊಮ್ಮೆ ಸೇರಿಸಿ, ಸಮಸ್ಯೆಯನ್ನು ಅವರೇ ಗುರುತಿಸಿ ಪರಿಹಾರ ಹುಡುಕುವಂತೆ ಮಾಡಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಕೂಟಗಳಿಲ್ಲದ ಕಡೆಗಿಂತ ಶೇ 32ರಷ್ಟು ಕಡಿಮೆಯಿತ್ತು. ಶಕ್ತಿ ಬೆಳೆಸುವ ಈ ಚಿಂತನೆಗೊಂದು ಆಕ್ಷೇಪವಿದೆ: ಗಟ್ಟಿಯಾಗು ಎಂದು ಬಡವಿಗೆ ಹೇಳುವುದು ಸರ್ಕಾರದ ಹೊಣೆಯನ್ನು ಅವಳ ಹೆಗಲಿಗೇ ಹೊರಿಸಿದಂತಲ್ಲವೇ? ಆಕ್ಷೇಪ ನ್ಯಾಯವಾದದ್ದು. ರಾಣೆಬೆನ್ನೂರಿನಲ್ಲಿ ದಶಕದ ಹಿಂದೆ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಯಿತೆಂದು ದೂರಿದ ನೂರಾರು ಮಹಿಳೆಯರಲ್ಲಿ, ಬಹುಪಾಲು ಲಂಬಾಣಿ ತಾಂಡಾಗಳವರಲ್ಲಿ, ಧೈರ್ಯಕ್ಕೆ ಕೊರತೆ ಇರಲಿಲ್ಲ. ಸಂಘಟಿತರಾಗಿ ಬೀದಿಗಿಳಿದು ಪರಿಹಾರ ಕೇಳಿದವರು ಅವರೇ. ಅವರಿಗೆ ಸಿಗದಿದ್ದದ್ದು ಚಿಕಿತ್ಸೆಗೆ ಮೊದಲು ಸರಿಯಾದ ಮಾಹಿತಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ.

ಹಾಗೆಂದು ಹೆಂಗಸರ ಕೂಟಗಳನ್ನು ತಳ್ಳಿಹಾಕಲಾಗದು. ಕೂಲಿ, ವಿಶ್ರಾಂತಿ, ಊಟಗಳ ಜೊತೆ ಸೇರಿದಾಗಲೇ ಅವು ಫಲ ಕೊಡುವುದು. ಉದ್ಯೋಗ ಖಾತ್ರಿ ಕೂಲಿಕಾರರ ಪುಟ್ಟ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ಕೂಸಿನ ಮನೆ ದಾರಿ ತೋರಿಸಿದೆ. ಅಂಥದ್ದೊಂದು ಬ್ಯಾಡಗಿಯ ಮೆಣಸಿನಕಾಯಿ ಕಣಗಳ ಪಕ್ಕದಲ್ಲೂ ಬೇಕು, ಮಾತೃಪೂರ್ಣದ ಊಟ ಕ್ರಾಸಿಂಗ್ ನಡೆಯುವ ಹೊಲದ ಬದುವಿಗೇ ಬರಬೇಕು. ಇವುಗಳ ಖರ್ಚಿನಲ್ಲಿ ಬೀಜ ಕಂಪನಿಗಳೂ ದಲಾಲರೂ ಪಾಲು ಹೊರಬೇಕು.