ಹ್ಯೂಗ

ಹ್ಯೂಗ: ಡೇನಿಷ್ ಭಾಷೆಯ ಒಂದು ಪದ. ಬೆಚ್ಚನೆಯ ಜಾಗದಲ್ಲಿ ನಾಲ್ಕಾರು ಆಪ್ತರು ಸೇರಿ ಅವಸರವಿಲ್ಲದೆ, ಗತ್ತಿಲ್ಲದೆ ಹೊತ್ತು ಕಳೆಯುವುದಕ್ಕೂ ಆಗ ಮನಸ್ಸಿಗಾಗುವ ಹಿತಕ್ಕೂ ಡೆನ್ಮಾರ್ಕಿನವರು ಇಟ್ಟುಕೊಂಡ ಹೆಸರು. ಇದು ನಾಮಪದವೂ ಹೌದು, ಕ್ರಿಯಾಪದವೂ ಹೌದು. 'ನಿನ್ನೆ ಸಂಜೆ ಏನು ಮಾಡಿದಿರಿ' ಎಂದರೆ 'ಹ್ಯೂಗ ಮಾಡಿದೆವು' ಎಂದಷ್ಟೇ ಹೇಳಿ ಮುಗಿಸಬಹುದು; ಕೇಳಿದವರು ಮುಂದೆ ಪ್ರಶ್ನಿಸುವುದಿಲ್ಲ. ಇದರ ಗುಣವಾಚಕ 'ಹ್ಯೂಗ್ಲಿ'. ಮನೆ, ಕೆಫೆ, ಊಟ, ಮನುಷ್ಯ, ಹೊಸಬರ ಪರಿಚಯ, ಹೀಗೆ ಯಾವುದಕ್ಕಾದರೂ ಅದನ್ನು ಹಚ್ಚಬಹುದು. ಕನ್ನಡದಲ್ಲಿ ಇದಕ್ಕೆ ಸರಿಜೋಡಿಯ ಮಾತು ಸಿಗುವುದು ಕಷ್ಟ. ನೆಮ್ಮದಿಗೆ ಇನ್ನೊಬ್ಬರು ಬೇಕೇ ಬೇಕೆಂದಿಲ್ಲ. ಹರಟೆಗೆ ಜನ ಬೇಕು, ಆದರೆ ಅದಕ್ಕೆ ಬಸ್ ನಿಲ್ದಾಣದ ಕಲ್ಲುಬೆಂಚೂ ಆದೀತು. ಹ್ಯೂಗಕ್ಕೆ ಜನರ ಜೊತೆಗೆ ಒಂದು ಒಳಗು ಬೇಕು. ಒಳಗು ಇರಬೇಕಾದರೆ ಹೊರಗೊಂದು ಇರಲೇಬೇಕು: ಕತ್ತಲೆ, ಗಾಳಿ, ಚಳಿ, ಕೆಲವೊಮ್ಮೆ ಸೋತ ಯುದ್ಧ. ಈ ಪದದ ಚರಿತ್ರೆ ಒಂದರ್ಥದಲ್ಲಿ ಆ ಹೊರಗಿನ ಚರಿತ್ರೆಯೇ.

ಪದ ಹುಟ್ಟಿದ್ದು ಡೆನ್ಮಾರ್ಕಿನಲ್ಲಲ್ಲ. ಮನಸ್ಸು, ಯೋಚನೆ ಎಂಬ ಅರ್ಥದ ಹಳೆಯ ನಾರ್ಸ್ ಧಾತುವಿನಿಂದ ಹೊರಟು ನಾರ್ವೆಯಲ್ಲಿ 'ಒಳಿತು, ಹಿತ' ಎಂಬ ಅರ್ಥ ಪಡೆದು, ಸುಮಾರು 1800ರ ಹೊತ್ತಿಗೆ ಡೇನಿಷ್ ಬರಹದಲ್ಲಿ ಕಾಣಿಸಿಕೊಂಡಿತು. ಆಗ ಎರಡೂ ದೇಶಗಳು ಒಬ್ಬನೇ ರಾಜನ ಕೆಳಗಿದ್ದವು. ತಮಾಷೆಯೆಂದರೆ ಇಂದು ನಾರ್ವೆಯವರು ಇದೇ ಹಿತಕ್ಕೆ ಹೆಚ್ಚಾಗಿ 'ಕೂಶ್ಲಿ' ಎಂಬ ಬೇರೆ ಮಾತನ್ನೇ ಬಳಸುತ್ತಾರೆ. ಕೊಟ್ಟವರ ಮನೆಯಲ್ಲಿ ಮೂಲೆಗೆ ಸರಿದದ್ದು ಪಡೆದವರ ಮನೆಯಲ್ಲಿ ನಡುಮನೆಗೆ ಬಂತು. ಡೇನಿಷ್‌ನಲ್ಲಿ ಈ ಪದದ ಸಂತಾನ ದೊಡ್ಡದು. ಕಿಟಕಿಯ ಬಳಿ ಕೂರುವ ಮೂಲೆಗೆ, ಕ್ರಿಸ್‌ಮಸ್ ಕಾಲದ ಸಂಭ್ರಮಕ್ಕೆ, ಹೊರಗೆ ಹಾಕಿಕೊಂಡು ಹೋಗಲಾಗದ ಆದರೆ ಬಿಸಾಡಲೂ ಮನಸ್ಸಾಗದ ಹಳೆಯ ಸಡಿಲ ಪೈಜಾಮಕ್ಕೆ ಕೂಡ ಹ್ಯೂಗ ಸೇರಿಸಿದ ಹೆಸರುಗಳಿವೆ. ವಿರುದ್ಧಪದವಂತೂ ಬೆಚ್ಚಿಬೀಳಿಸುವಂಥದು. ನಿಷೇಧದ 'ಉ' ಸೇರಿಸಿದರೆ 'ಉಹ್ಯೂಗ' ಆಗುತ್ತದೆ. ಅದರ ಅರ್ಥ ಅಹಿತವಲ್ಲ, ಭಯ. ಕೊಲೆ ನಡೆದ ಮನೆಗೆ, ದೆವ್ವದ ಕತೆಗೆ ಹಚ್ಚುವ ಮಾತು ಅದು.

ಪದ ಬರುವ ಮುಂಚೆಯೂ ಕತ್ತಲೆ ಇತ್ತು, ಜನ ಒಟ್ಟಿಗೆ ಕೂರುತ್ತಿದ್ದರು. ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ ನಡುವೆ ಹಗಲು ಏಳೇ ಗಂಟೆ. ಮಧ್ಯಾಹ್ನ ಮೂರೂವರೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ರೈತರ ಮನೆಗಳಲ್ಲಿ ದೀಪದ ಖರ್ಚು ಉಳಿಸಲೆಂದು ಮುಸ್ಸಂಜೆಯಲ್ಲಿ ತುಸು ಹೊತ್ತು ದೀಪವನ್ನೇ ಹಚ್ಚದೆ, ಕೈಗೆಲಸ ನಿಲ್ಲಿಸಿ ಸುಮ್ಮನೆ ಕೂರುವ ರೂಢಿಯಿತ್ತು. ಜಟ್ಲೆಂಡಿನ ಬಂಜರು ಬಯಲಿನ ಹಳ್ಳಿಗಳಲ್ಲಿ ಇನ್ನೊಂದು ಕ್ರಮವಿತ್ತು. ನೆರೆಹೊರೆಯವರೆಲ್ಲ ಒಂದೇ ಮನೆಯಲ್ಲಿ ಸೇರಿ, ಒಂದೇ ಒಲೆ, ಒಂದೇ ದೀಪದ ಸುತ್ತ ಉಣ್ಣೆ ಹೆಣೆಯುತ್ತಿದ್ದರು. ಹೆಣಿಗೆ ಅಲ್ಲಿ ಹೊಟ್ಟೆಪಾಡು, ಗಂಡಸರೂ ಹೆಣೆಯುತ್ತಿದ್ದರು. ಕೈ ಕೆಲಸದಲ್ಲಿರುವಾಗ ಬಾಯಿಗೆ ಕತೆ, ಹಾಡು. ಪಾದ್ರಿಯಾಗಿದ್ದ ಲೇಖಕ ಸ್ಟೀನ್ ಸ್ಟೀನ್ಸನ್ ಬ್ಲಿಕರ್ 1842ರಲ್ಲಿ ಅಂಥ ಹೆಣಿಗೆಮನೆಯ ಕತೆ, ಹಾಡುಗಳನ್ನು ಜಟ್ಲೆಂಡಿನ ಆಡುಮಾತಿನಲ್ಲೇ ಬರೆದ. 'ಎ ಬಿನ್‌ಸ್ಟೌ' ಎಂಬ ಆ ಪುಸ್ತಕದ ಹೆಸರಿನ ಅರ್ಥವೇ ಹೆಣಿಗೆಮನೆ. ಈ ಕೂಟ ಹುಟ್ಟಿದ್ದು ಎಣ್ಣೆ, ಸೌದೆ ಉಳಿಸಲು ಎಂಬುದನ್ನು ಇಂದಿನ ಅಲಂಕಾರದ ಪತ್ರಿಕೆಗಳು ಹೇಳುವುದಿಲ್ಲ.

ಹತ್ತೊಂಬತ್ತನೆಯ ಶತಮಾನ ಡೆನ್ಮಾರ್ಕಿಗೆ ಕಳೆದುಕೊಳ್ಳುವ ಶತಮಾನವಾಯಿತು. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆಗರೆದು ನೌಕಾಪಡೆಯನ್ನೇ ಎಳೆದೊಯ್ದರು. 1813ರಲ್ಲಿ ಬೊಕ್ಕಸ ದಿವಾಳಿ. ಮರುವರ್ಷ ನಾರ್ವೆ ಕೈಬಿಟ್ಟು ಹೋಯಿತು. 1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾಗಳ ಎದುರು ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್, ಲಾವೆನ್‌ಬುರ್ಗ್ ಪ್ರಾಂತ್ಯಗಳನ್ನು, ಅಂದರೆ ರಾಜ್ಯದ ಸುಮಾರು ಮೂರನೇ ಒಂದು ಭಾಗವನ್ನು ಬಿಟ್ಟುಕೊಡಬೇಕಾಯಿತು. ಉತ್ತರ ಯುರೋಪಿನ ಒಂದು ಶಕ್ತಿಯಾಗಿದ್ದ ದೇಶ ಪುಟ್ಟ ಕೃಷಿದೇಶವಾಗಿ ಉಳಿಯಿತು. ಹೊರಗೆ ಹೋದದ್ದನ್ನು ಒಳಗೆ ಗಳಿಸಿಕೊಳ್ಳಬೇಕೆಂಬ ಮಾತು ಆಗ ನಾಡಿನ ಮಂತ್ರವಾಯಿತು. ಬಂಜರು ಬಯಲನ್ನು ಉಳುಮೆಗೆ ತರಲು 1866ರಲ್ಲಿ ಸಂಸ್ಥೆ ಕಟ್ಟಿದರು. ಚಿಂತಕ ಗ್ರುಂಟ್ವಿಗ್‌ನ ವಿಚಾರದಿಂದ ಹುಟ್ಟಿದ ಜನಪದ ಶಾಲೆಗಳು ಹಳ್ಳಿಹಳ್ಳಿಗೆ ಹಬ್ಬಿದವು. ನಗರದ ಮಧ್ಯಮ ವರ್ಗ ಮನೆಯನ್ನೇ ಲೋಕ ಮಾಡಿಕೊಂಡಿತು. ವಿಗ್ಗೊ ಯೊಹಾನ್ಸನ್ 1891ರಲ್ಲಿ ಬಿಡಿಸಿದ ಕ್ರಿಸ್‌ಮಸ್ ಚಿತ್ರದಲ್ಲಿ ಮನೆಯವರು ಕೈಕೈ ಹಿಡಿದು ಮರದ ಸುತ್ತ ನಿಂತಿದ್ದಾರೆ. ಬೆಳಕೆಲ್ಲ ಮರದ ಮೇಲಿನ ಮೇಣದಬತ್ತಿಗಳದ್ದೇ. ನಮ್ಮ ಕಡೆಗೆ ಬೆನ್ನು ಮಾಡಿದವರು ಬರೀ ನೆರಳು. ಚಿತ್ರ ನೋಡುವವನು ಆ ಬಳೆಯ ಹೊರಗೇ ಉಳಿಯುತ್ತಾನೆ.

ಸೋಲು ಮತ್ತು ಹಿತದ ನಂಟು ತೀರ ಹತ್ತಿರದಿಂದ ಕಾಣುವುದು ದಕ್ಷಿಣ ಜಟ್ಲೆಂಡಿನ ಕಾಫಿ ಮೇಜಿನಲ್ಲಿ. 1864ರ ನಂತರ, ಶ್ಲೆಸ್ವಿಗ್‌ನ ಉತ್ತರ ಭಾಗವಾದ ಆ ಪ್ರದೇಶ ಜರ್ಮನ್ ಆಳ್ವಿಕೆಗೆ ಹೋಯಿತು. ಡೇನಿಷ್ ಮನಸ್ಸಿನವರು ತಮ್ಮ ಹಾಡು, ಭಾಷೆ ಉಳಿಸಿಕೊಳ್ಳಲು ಸಭಾಭವನಗಳನ್ನು ಕಟ್ಟಿಕೊಂಡರೆ ಅಧಿಕಾರಿಗಳು ಅಲ್ಲಿ ಮದ್ಯಕ್ಕೆ ಪರವಾನಗಿ ಕೊಡಲಿಲ್ಲ. ಸರಿ, ಕಾಫಿಯೇ ಗತಿ. ಹೆಂಗಸರು ಮನೆಮನೆಯಿಂದ ಕೇಕು ತಂದರು. ತರುವುದರಲ್ಲಿ ಸದ್ದಿಲ್ಲದ ಪೈಪೋಟಿ ಹುಟ್ಟಿತು. ಮೆತ್ತನೆಯವು ಏಳು, ಗಟ್ಟಿಯವು ಏಳು ಎಂಬ ಲೆಕ್ಕ ಇಂದಿಗೂ ಅಲ್ಲಿ ಜನರ ಬಾಯಲ್ಲಿದೆ. ಮೊದಲು ಮೆತ್ತನೆಯ ಬನ್ನು, ಆಮೇಲೆ ಕೆನೆ ತುಂಬಿದವು, ಕೊನೆಗೆ ಕಾಫಿಯಲ್ಲಿ ಅದ್ದುವ ಪುಟ್ಟ ಗಟ್ಟಿ ಬಿಸ್ಕತ್ತು. ಇವುಗಳ ರಾಜ ರೈ ಬ್ರೆಡ್ಡಿನ ಕೇಕು: ನಿತ್ಯ ತಿನ್ನುವ ಕಪ್ಪು ರೊಟ್ಟಿಯನ್ನೇ ಪುಡಿ ಮಾಡಿ ಬೇಯಿಸಿ, ನಡುವೆ ಕೆನೆ, ಹುಳಿಸಿಹಿ ಹಣ್ಣಿನ ಜಾಮ್ ಹಚ್ಚಿ ಪದರ ಕಟ್ಟಿದ್ದು. ಬಡವರ ರೊಟ್ಟಿ ಹಬ್ಬಕ್ಕೆ ಸೀರೆ ಉಟ್ಟಂತೆ. ಶ್ಲೆಸ್ವಿಗ್ ಯಾವ ದೇಶಕ್ಕೆ ಸೇರಬೇಕೆಂದು ಕೇಳಿದ 1920ರ ಫೆಬ್ರವರಿಯ ಜನಮತಗಣನೆಯಲ್ಲಿ ಅದರ ಉತ್ತರದ ವಲಯದ ಮುಕ್ಕಾಲು ಪಾಲು ಮತ ಡೆನ್ಮಾರ್ಕಿಗೆ ಬಿತ್ತು. ಪ್ರದೇಶ ಮರಳಿತು, ಮೇಜು ಮಾತ್ರ ಹಾಗೇ ಉಳಿಯಿತು.

ಬೆಳಕಿನ ಮಾತು ಬೇರೆಯಾಗಿಯೇ ಹೇಳಬೇಕು. ಡೇನರು ಮೇಣದಬತ್ತಿಗೆ 'ಜೀವಂತ ಬೆಳಕು' ಎನ್ನುತ್ತಾರೆ. ಕೂಟದ ಕಳೆ ಕೆಡಿಸುವವನಿಗೆ ಇರುವ ಹೆಸರು 'ದೀಪ ಆರಿಸುವವ'. ತಲಾ ಲೆಕ್ಕದಲ್ಲಿ ಯುರೋಪಿನಲ್ಲೇ ಅತಿ ಹೆಚ್ಚು ಮೇಣದಬತ್ತಿ ಉರಿಸುವವರ ಸಾಲಿನಲ್ಲಿ ಅವರಿದ್ದಾರೆ. ಮನೆಯೊಳಗಿನ ಗಾಳಿಗೆ ಇದು ಒಳ್ಳೆಯದಲ್ಲವೆಂಬ ಎಚ್ಚರಿಕೆ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ವಿದ್ಯುತ್ ದೀಪವನ್ನೂ ಅವರು ಪಳಗಿಸಿಕೊಂಡರು. ವಾಸ್ತುಶಿಲ್ಪಿ ಪೌಲ್ ಹೆನಿಂಗ್ಸನ್ (1894–1967) ಬೆಳೆದದ್ದು ಸೀಮೆಎಣ್ಣೆ ದೀಪದ ಮೃದು ಬೆಳಕಿನಲ್ಲಿ. ಬಲ್ಬಿನ ಉರಿಗಣ್ಣು ನೇರ ಯಾರ ಕಣ್ಣಿಗೂ ಬೀಳದಂತೆ ಒಂದರ ಮೇಲೊಂದು ಹೊದಿಕೆಗಳ ದೀಪವನ್ನು ಅವನು 1920ರ ದಶಕದ ನಡುವೆ ರೂಪಿಸಿದ. ಊಟದ ಮೇಜಿನ ಮೇಲೆ ತೀರ ತಗ್ಗಿಗೆ ತೂಗಿಬಿಟ್ಟರೆ ಬೆಳಕು ಮೇಜಿನಷ್ಟೇ ಅಗಲ ಬೀಳುತ್ತದೆ. ಕೋಣೆಯೊಳಗೆ ಇನ್ನೊಂದು ಕೋಣೆ ಆಗುತ್ತದೆ.

ಎರಡನೇ ಮಹಾಯುದ್ಧದಲ್ಲಿ 1940ರ ಏಪ್ರಿಲ್ 9ರಂದು ಜರ್ಮನಿ ದೇಶವನ್ನು ಆಕ್ರಮಿಸಿತು. ಐದು ವರ್ಷ ಪ್ರತಿ ಕಿಟಕಿಗೂ ಕಪ್ಪು ಪರದೆ. 1945ರ ಮೇ 4ರ ಸಂಜೆ ಜರ್ಮನ್ ಪಡೆಗಳು ಶರಣಾದ ಸುದ್ದಿ ಬಿಬಿಸಿಯ ಡೇನಿಷ್ ಪ್ರಸಾರದಲ್ಲಿ ಬಂದಾಗ ಜನ ಪರದೆಗಳನ್ನು ಕಿತ್ತೆಸೆದು ಕಿಟಕಿಯಲ್ಲಿ ಮೇಣದಬತ್ತಿ ಹಚ್ಚಿಟ್ಟರು. ಈಗಲೂ ಆ ದಿನ ಸಂಜೆ ಎಷ್ಟೋ ಮನೆಗಳ ಕಿಟಕಿಯಲ್ಲಿ ದೀಪ ಕಾಣುತ್ತದೆ. ವರ್ಷಕ್ಕೊಮ್ಮೆ ಒಳಗಿನ ದೀಪ ಹೊರಗಿನವರಿಗಾಗಿ ಉರಿಯುತ್ತದೆ.

ಹ್ಯೂಗಕ್ಕೆ ಬರೆಯದ ಶಿಸ್ತುಗಳಿವೆ. ಸಂಬಳ, ಹುದ್ದೆಯ ಜಂಬ ಬೇಡ, ಬಿಸಿ ಏರುವ ವಾದ ಬೇಡ, ಒಬ್ಬರೇ ಮಾತಾಡಬೇಡಿ, ಊಟ ಅತಿ ದುಬಾರಿಯಾಗಬಾರದು. ನಾನು ಮೇಲು ಎಂದುಕೊಳ್ಳುವವನನ್ನು ಸಹಿಸದ ಸ್ಕ್ಯಾಂಡಿನೇವಿಯದ ಸ್ವಭಾವಕ್ಕೆ ಆಕ್ಸೆಲ್ ಸಾಂಡಮೋಸೆ 1933ರ ಕಾದಂಬರಿಯಲ್ಲಿ 'ಯಾಂಟೆಯ ಕಾನೂನು' ಎಂಬ ಹೆಸರು ಕೊಟ್ಟ. ಯಾಂಟೆ ಎಂದು ಅವನು ವ್ಯಂಗ್ಯವಾಗಿ ಬರೆದ ಊರು ಅವನು ಹುಟ್ಟಿದ ಡೇನಿಷ್ ಪಟ್ಟಣದ ಮಾದರಿಯದು. ಅದೇ ಸ್ವಭಾವದ ಮೆತ್ತನೆಯ ಮಗ್ಗುಲು ಹ್ಯೂಗ ಎಂದರೆ ತಪ್ಪಾಗಲಾರದು. ಮಾನವಶಾಸ್ತ್ರಜ್ಞ ಯೆಪ್ಪೆ ಟ್ರೋಲೆ ಲಿನೆಟ್ 2011ರ ಪ್ರಬಂಧದಲ್ಲಿ ಇನ್ನೂ ಮುಂದೆ ಹೋಗಿ, ಇದು ಸಮಾಜವನ್ನು ಹದ್ದುಬಸ್ತಿನಲ್ಲಿಡುವ ಸಾಧನವೂ ಹೌದು, ಹ್ಯೂಗ ಬಾರದವರೆಂದು ಕೆಲವರನ್ನು ಕೀಳಾಗಿ ಕಾಣಲು ನೆಪವೂ ಹೌದು ಎಂದು ವಾದಿಸಿದ. ಡೆನ್ಮಾರ್ಕಿಗೆ ಹೋಗಿ ನೆಲೆಸಿದ ಹೊರದೇಶದವರು, ಆ ದೀಪದ ವೃತ್ತದೊಳಗೆ ಕುರ್ಚಿ ಸಿಗುವುದು ಎಷ್ಟು ತಡ ಎಂದು ದೂರುವುದುಂಟು. ನಗೆಚಾಟಿಕೆಯ ಹೆಸರಿನಲ್ಲಿ ಬೇರೆ ಬಣ್ಣದವರನ್ನು ಚುಚ್ಚುವುದಕ್ಕೆ ಡೇನಿಷ್‌ನಲ್ಲಿ 'ಹ್ಯೂಗ ಜನಾಂಗದ್ವೇಷ' ಎಂಬ ಮಾತೇ ಇದೆ. ಆಕ್ಷೇಪಿಸಿದರೆ ನೀವೇ ದೀಪ ಆರಿಸುವವರು. ನನ್ನ ಮಟ್ಟಿಗೆ ಈ ಪದದ ಅತ್ಯಂತ ಪ್ರಾಮಾಣಿಕ ವ್ಯಾಖ್ಯಾನ ಇರುವುದು ಈ ಸಮಾಸದಲ್ಲೇ.

ಹೊರಜಗತ್ತು ಹ್ಯೂಗವನ್ನು ಕಂಡುಕೊಂಡದ್ದು ತಡವಾಗಿ. ವಿಶ್ವಸಂಸ್ಥೆಯ ಬೆಂಬಲದಿಂದ 2012ರಲ್ಲಿ ಹೊರಬಂದ ಮೊದಲ ವಿಶ್ವ ಸಂತೋಷ ವರದಿಯಲ್ಲಿ ಡೆನ್ಮಾರ್ಕ್ ಮೊದಲ ಸ್ಥಾನದಲ್ಲಿತ್ತು. ಗುಟ್ಟೇನೆಂದು ಎಲ್ಲರೂ ಹುಡುಕತೊಡಗಿದರು. 2016ರಲ್ಲಿ ಕೋಪನ್‌ಹೇಗನ್‌ನ ಮೈಕ್ ವೀಕಿಂಗ್ ಬರೆದ ಪುಟ್ಟ ಪುಸ್ತಕ ಇಂಗ್ಲಿಷಿನಲ್ಲಿ ಭಾರಿ ಮಾರಾಟವಾಯಿತು. ಬ್ರಿಟನ್ ಯುರೋಪಿನ ಒಕ್ಕೂಟ ಬಿಡಲು ಮತ ಹಾಕಿದ ವರ್ಷವೂ ಅದೇ. ಒಳಗೆ ಮುದುಡಿಕೊಳ್ಳಬೇಕೆನ್ನಿಸಿದ ಓದುಗರಿಗೆ ಕಂಬಳಿ, ಕಾಲುಚೀಲ, ಸುವಾಸನೆಯ ಬತ್ತಿ ಮಾರುವುದು ಸುಲಭವಾಯಿತು. ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದಗಳ ಅಂತಿಮ ಪಟ್ಟಿಗೆ ಇದನ್ನು ಸೇರಿಸಿದರು, ಮರುವರ್ಷ ದೊಡ್ಡ ನಿಘಂಟಿಗೂ ಸೇರಿತು. ಡೆನ್ಮಾರ್ಕಿನಲ್ಲೂ 2016ರ ಡಿಸೆಂಬರ್‌ನಲ್ಲಿ ಸಂಸ್ಕೃತಿ ಸಚಿವ ಬರ್ಟೆಲ್ ಹೋರ್ಡರ್, ಜನರ ಮತದಿಂದ ಆಯ್ದ ಹತ್ತು ರಾಷ್ಟ್ರೀಯ ಮೌಲ್ಯಗಳನ್ನು ಪ್ರಕಟಿಸಿದಾಗ ಸ್ವಾತಂತ್ರ್ಯ, ನಂಬಿಕೆ, ಕಾನೂನಿನೆದುರು ಸಮಾನತೆಗಳ ಪಕ್ಕದಲ್ಲಿ ಹ್ಯೂಗಕ್ಕೂ ಜಾಗ ಸಿಕ್ಕಿತು.

ಮನೆಗಳೊಳಗೆ ಇಷ್ಟು ಗಾಂಭೀರ್ಯ ಇಲ್ಲ. ಶುಕ್ರವಾರ ಸಂಜೆ ಅಂಗಡಿಯಲ್ಲಿ ಮಕ್ಕಳು ಪುಟ್ಟ ಸಲಿಕೆಯಿಂದ ಬಣ್ಣದ ಮಿಠಾಯಿಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಉಪ್ಪುಮಿಶ್ರಿತ ಕರಿ ಲಿಕರಿಸ್ ಅದರಲ್ಲಿ ಇರಲೇಬೇಕು. ಟಿವಿಯಲ್ಲಿ 1991ರಿಂದ ಬರುತ್ತಿರುವ ಡಿಸ್ನಿ ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಅಪ್ಪ, ಅಮ್ಮ, ಮಕ್ಕಳು ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು ಒಂದೇ ಬಟ್ಟಲಿಗೆ ಕೈ ಹಾಕುತ್ತಾರೆ.