ನವದಂಪತಿಗಳು ಹೋದ ಊರುಗಳು

ಯುಗಾದಿ ಕಳೆದ ವಾರ ನನ್ನ ತಮ್ಮನ ಮಗಳು ಲಗ್ನಪತ್ರಿಕೆ ಹಿಡಿದು ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದಳು. ವೈಶಾಖದಲ್ಲಿ ಮದುವೆ. ಊಟ ಮುಗಿದು ಎಲೆಯಡಿಕೆಯ ತಟ್ಟೆ ನಡುಮನೆಗೆ ಬಂದಾಗ ಆಕೆ, "ದೊಡ್ಡಪ್ಪ, ನೀವು ಅಷ್ಟೆಲ್ಲ ಓದಿದವರು. ಜೂನ್ ತಿಂಗಳಲ್ಲಿ ವೆನಿಸ್ ಚೆನ್ನವೋ, ಫ್ಲಾರೆನ್ಸೋ, ರೋಮೋ? ಅವರು ರೋಮ್ ಎನ್ನುತ್ತಾರೆ. ನಮಗಿರುವುದು ಒಂಬತ್ತೇ ದಿನ" ಎಂದು ಕೇಳಿದಳು. ಇಟಲಿಯನ್ನು ನಾನು ಪುಸ್ತಕಗಳಲ್ಲಿ ಮಾತ್ರ ಕಂಡವನು. ಯೋಚಿಸಿ ಹೇಳುತ್ತೇನೆಂದು ಅವಳನ್ನು ಕಳುಹಿಸಿಕೊಟ್ಟೆ. ಯೋಚಿಸುತ್ತ ಕುಳಿತಾಗ ಮನಸ್ಸು ಇಟಲಿಗೆ ಹೋಗದೆ ಇಲ್ಲಿಯೇ ಸುತ್ತಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ಹೊಸಕೋಟೆಗಳ ನಮ್ಮ ಈ ಸೀಮೆಯಲ್ಲಿ ಹೊಸದಾಗಿ ಮದುವೆಯಾದವರು ಹಿಂದೆ ಎಲ್ಲಿಗೆ ಹೋಗುತ್ತಿದ್ದರು? ಅದಕ್ಕಿಂತ ಮುಖ್ಯವಾಗಿ, ಆ ಊರನ್ನು ಆರಿಸುತ್ತಿದ್ದವರು ಯಾರು?

'ಮಧುಚಂದ್ರ' ಎಂಬುದು ಕೇಳಲು ಇಂಪಾದ ಮಾತು. ಆದರೆ ಅದು ಇಂಗ್ಲಿಷಿನಿಂದ ಅನುವಾದವಾಗಿ ಬಂದದ್ದು. ಹದಿನಾರನೆಯ ಶತಮಾನದ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ ಪ್ರಯಾಣದ ಅರ್ಥವೇ ಇರಲಿಲ್ಲ. ಹುಣ್ಣಿಮೆಯ ಚಂದ್ರ ಮರುದಿನದಿಂದಲೇ ಕ್ಷೀಣಿಸುವಂತೆ ಮದುವೆಯ ಸವಿಯೂ ಇಳಿಯುತ್ತದೆಂಬ ಕುಹಕ ಅದರಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿನ ಸಿರಿವಂತ ವಧೂವರರು ಪ್ರವಾಸ ಹೊರಟಾಗಲೂ, ಮದುವೆಗೆ ಬರಲಾಗದ ನೆಂಟರನ್ನು ಕಂಡು ಬರುವುದೇ ಎಷ್ಟೋ ಸಲ ಅದರ ಉದ್ದೇಶ. ತಂಗಿಯೋ ಗೆಳತಿಯೋ ಜೊತೆಗಿರುವುದೂ ಉಂಟು. ಇಬ್ಬರೇ ಹೋಗಬೇಕೆಂಬ ನಿಯಮ ಅಲ್ಲಿಯೂ ನಿಧಾನವಾಗಿ ಬೆಳೆದದ್ದು.

ನಮ್ಮಲ್ಲಿ ಈ ಪ್ರಯಾಣಕ್ಕೆ ಬೇಸಿಗೆಯೇ ಏಕೆ ಒದಗಿತೆಂಬುದಕ್ಕೆ ಪಂಚಾಂಗವೇ ಉತ್ತರ. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ, ಮುಂಗಾರಿನ ಬಿತ್ತನೆಗೆ ಮೊದಲು, ವೈಶಾಖ ಜ್ಯೇಷ್ಠಗಳಲ್ಲಿ ಮದುವೆಗಳು ದಟ್ಟವಾಗುತ್ತವೆ. ಅದರ ಬೆನ್ನಿಗೇ ಆಷಾಢ. ಆ ತಿಂಗಳು ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೊಸ ಸೊಸೆಯನ್ನು ತವರಿಗೆ ಕಳುಹಿಸುತ್ತಾರೆ. ಆಷಾಢದಲ್ಲಿ ಗರ್ಭ ನಿಂತರೆ ಹೆರಿಗೆ ಬಿರುಬೇಸಿಗೆಗೆ ಬೀಳುತ್ತದೆಂಬ ಲೆಕ್ಕ ಅದರ ಹಿಂದಿದೆಯೆಂದು ಹಿರಿಯರು ಹೇಳುವುದುಂಟು. ಅಂತೂ ಹೊಸ ಜೋಡಿಗೆ ದೊರೆಯುತ್ತಿದ್ದದ್ದು ಮದುವೆಗೂ ಆಷಾಢಕ್ಕೂ ನಡುವಿನ ಕೆಲವು ವಾರಗಳು. ಅವೂ ವರ್ಷದ ಅತಿ ಬಿಸಿಯ ವಾರಗಳು.

ಆ ವಾರಗಳಲ್ಲಿ ಅವರು ಹೋಗುತ್ತಿದ್ದದ್ದು ಮನೆದೇವರಿಗೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಇಂಥ ಯಾತ್ರೆಗೆ ಹೆಸರಾದ ಸ್ಥಳ. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂಬದಿಯ ನರಸಿಂಹನನ್ನು ಭಕ್ತರು ಗರ್ಭಗುಡಿಯ ಕನ್ನಡಿಯಲ್ಲಿ ನೋಡಬೇಕು. ಆವರಣದ ಸುತ್ತ ಸಾಲುಸಾಲಾಗಿ ನಿಂತ ನಾಗರಕಲ್ಲುಗಳು ಸಂತಾನಕ್ಕಾಗಿ ಹರಸಿಕೊಂಡವರು ಪ್ರತಿಷ್ಠಿಸಿದವು. ವಾರದ ಹಿಂದೆ ತಾಳಿ ಕಟ್ಟಿಸಿಕೊಂಡ ಹುಡುಗಿಗೆ ಆ ಕಲ್ಲುಗಳು ಏನು ಹೇಳುತ್ತಿದ್ದವೆಂದು ಬಿಡಿಸಿ ಹೇಳಬೇಕಾಗಿಲ್ಲ.

ನೆಲಮಂಗಲದ ಕಡೆಯವರಿಗೆ ಶಿವಗಂಗೆ. ಮಕರಸಂಕ್ರಾಂತಿಯಂದು ಗಂಗಾಧರೇಶ್ವರನಿಗೂ ಹೊನ್ನಾದೇವಿಗೂ ಅಲ್ಲಿ ಕಲ್ಯಾಣೋತ್ಸವ. ಸುಮಾರು 1,380 ಮೀಟರ್ ಎತ್ತರದ ಆ ಬೆಟ್ಟದ ನಡುವೆ ಒಳಕಲ್ಲು ತೀರ್ಥವೆಂಬ ಗುಂಡಿಯುಂಟು. ಅದರೊಳಗೆ ಕೈಯಿಳಿಸಿದಾಗ ನೀರು ಸಿಕ್ಕಿದರೆ ಪುಣ್ಯವಂತರು. ಹೊಸ ಸೊಸೆ ಕೈಯಿಡುವಾಗ ಬೀಗರೆಲ್ಲ ಸುತ್ತ ನಿಂತು ನೋಡುವ ದೃಶ್ಯವನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ನೀರು ಸಿಕ್ಕಿತೆಂದು ಆಕೆ ನಗುತ್ತ ಕೈ ಝಾಡಿಸಿದಾಗ ಅವಳ ಅತ್ತೆ ನಿಟ್ಟುಸಿರು ಬಿಟ್ಟದ್ದೂ ನೆನಪಿದೆ.

ಈ ಯಾತ್ರೆಗಳನ್ನು ಹಗುರಾಗಿ ಕಾಣುವವನು ನಾನಲ್ಲ. ಗಾಡಿ ಕಟ್ಟಿಕೊಂಡು ಹೋಗಿ, ಬುತ್ತಿ ಬಿಚ್ಚಿ, ಹೊಸಬಳನ್ನು ಮನೆತನಕ್ಕೂ ಮನೆದೇವರಿಗೂ ಪರಿಚಯಿಸುವ ಕ್ರಮದಲ್ಲಿ ಒಂದು ಸೊಗಸಿತ್ತು. ಆದರೆ ಅಲ್ಲಿ ಇಬ್ಬರೇ ಕುಳಿತು ಮಾತನಾಡಲು ಎಡೆಯಿರಲಿಲ್ಲ. ಎಷ್ಟೋ ಕಾಲ ಆ ಎಡೆ ಬೇಕೆಂಬ ಪ್ರಶ್ನೆಯೇ ಏಳುವಂತಿರಲಿಲ್ಲ. ವಧು ಆಟಿಕೆ ಬಿಡದ ಮಗು. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ಕಾನೂನು ತಂದಾಗ ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು, ಮತ್ತು ಐವತ್ತು ದಾಟಿದವನು ಹದಿನಾಲ್ಕರೊಳಗಿನವಳನ್ನು ವರಿಸುವುದನ್ನು. ಅಷ್ಟಕ್ಕೇ ಆಗ ಸಂಪ್ರದಾಯಸ್ಥರು ಕೆರಳಿದ್ದರು. ದೇಶದಲ್ಲಿ ವಧುವಿಗೆ 18, ವರನಿಗೆ 21 ಎಂಬ ನಿಯಮ ಬಂದದ್ದು 1978ರಲ್ಲಿ. ಎಲ್ಲಿಗೆ ಹೋಗೋಣವೆಂದು ಕೇಳಿದರೆ ಉತ್ತರ ಹೇಳಬಲ್ಲ ವಯಸ್ಸಿನ ವಧು ಎಲ್ಲ ಮನೆಗಳಿಗೂ ಬರಲು ಅಷ್ಟು ಕಾಲ ಹಿಡಿಯಿತು.

ದೇವರಲ್ಲದ ಕಾರಣಕ್ಕೆ ಬೆಟ್ಟ ಹತ್ತುವುದನ್ನು ನಮಗೆ ಕಲಿಸಿದ್ದು ನಂದಿ. ಅದು ಮೊದಲು ಕೋಲಾರ ಜಿಲ್ಲೆಯಲ್ಲಿತ್ತು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಆದರೂ ದೊಡ್ಡಬಳ್ಳಾಪುರ, ದೇವನಹಳ್ಳಿಗಳವರಿಗೆ ಅದು ಮನೆಯ ಹಿತ್ತಿಲ ಬೆಟ್ಟ. ನಮ್ಮ ಅರ್ಕಾವತಿ ಹುಟ್ಟುವುದೇ ಅಲ್ಲಿ. ಟಿಪ್ಪುವಿನ ದುರ್ಗವಾಗಿದ್ದ ಅದನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರಿನಲ್ಲಿ ಹಿಡಿಯಿತು. ಬಳಿಕ ಕೋಟೆ ಹೋಗಿ ಬೇಸಿಗೆಯ ಬಿಡಾರ ಬಂತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮೇಲೆ ಮನೆ ಮಾಡಿಕೊಂಡಿದ್ದ. 4,851 ಅಡಿ ಎತ್ತರ. ಬೆಂಗಳೂರಿಗಿಂತ ಮೂರು ನಾಲ್ಕು ಡಿಗ್ರಿ ತಂಪು. ಯಲಹಂಕ, ದೇವನಹಳ್ಳಿಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಕಿರುರೈಲು ಬಂದ ಮೇಲೆ ನಂದಿ ಹಾಲ್ಟಿನಲ್ಲಿ ಇಳಿದು ನಡೆಯಬಹುದಾಯಿತು. ಗಾಂಧೀಜಿಯವರು ದೇಹಾಲಸ್ಯದಿಂದ ಚೇತರಿಸಿಕೊಳ್ಳಲು 1927ರ ಬೇಸಿಗೆಯಲ್ಲಿ ಅಲ್ಲಿದ್ದರು. 1936ರಲ್ಲಿ ಮತ್ತೆ ಬಂದರು.

ಬೆಟ್ಟದ ಬುಡದ ನಂದಿ ಗ್ರಾಮದ ದೇವಾಲಯಕ್ಕೆ ಒಂಬತ್ತನೆಯ ಶತಮಾನದಷ್ಟು ಹಳೆಯ ಇತಿಹಾಸವಿದೆ. ಅಲ್ಲಿ ಅರುಣಾಚಲೇಶ್ವರ, ಭೋಗನಂದೀಶ್ವರ, ಇವೆರಡರ ನಡುವೆ ಉಮಾಮಹೇಶ್ವರ; ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರ. ಶಿವನ ಬಾಲ್ಯ, ಯೌವನ, ವಿವಾಹ, ವೈರಾಗ್ಯ ಎಂದು ಈ ನಾಲ್ಕನ್ನು ಅರ್ಥೈಸುತ್ತಾರೆ. ಉಮಾಮಹೇಶ್ವರನ ಮುಂದಿನ ಕಲ್ಯಾಣಮಂಟಪದ ಕರಿಗಲ್ಲಿನ ಕಂಬಗಳಲ್ಲಿ ಶಿವಪಾರ್ವತಿ, ಲಕ್ಷ್ಮೀನಾರಾಯಣ, ಬ್ರಹ್ಮಸರಸ್ವತಿ, ಅಗ್ನಿಸ್ವಾಹಾ ಹೀಗೆ ದೇವತೆಗಳೆಲ್ಲ ಜೋಡಿಜೋಡಿಯಾಗಿ ನಿಂತಿದ್ದಾರೆ. ನವದಂಪತಿಗಳು ಆಶೀರ್ವಾದ ಬೇಡುವುದು ಇಲ್ಲಿ. ನೆತ್ತಿಯ ಯೋಗನಂದೀಶ್ವರನಿಗಾದರೋ ಉತ್ಸವದ ಸಡಗರವೂ ಇಲ್ಲ. ಮಧುಚಂದ್ರಕ್ಕೆಂದು ಹೋದವರು ಭೋಗವನ್ನು ಕೆಳಗೆ ಬಿಟ್ಟು, ವಿರಾಗಿಯ ನೆರೆಯಲ್ಲಿ ಬಿಡಾರ ಹೂಡುತ್ತ ಬಂದದ್ದನ್ನು ಕಂಡು ನನಗೆ ಅನೇಕ ಸಲ ನಗು ಬಂದಿದೆ.

ನಾನೂ ಹಾಗೆ ಹೋದವನೇ. ನಮ್ಮ ಮದುವೆ 1986ರ ಮೇ ತಿಂಗಳಲ್ಲಿ. ಆ ನವೆಂಬರಿನಲ್ಲಿ ಸಾರ್ಕ್ ದೇಶಗಳ ನಾಯಕರು ನಂದಿಗೆ ಬಂದರು. ನಾವು ಅವರಿಗಿಂತ ಆರು ತಿಂಗಳು ಮುಂಚೆ ಹೋಗಿದ್ದೆವೆಂಬುದು ಮನೆಯಲ್ಲಿ ಹಳೆಯ ಹಾಸ್ಯ. ಮೊದಲು ವ್ಯಾನಿನಲ್ಲಿ ಹನ್ನೊಂದು ಮಂದಿ ಘಾಟಿಗೆ. ಮರುದಿನ ಇಬ್ಬರೇ ನಂದಿಗೆ ಹೋಗಿಬರುತ್ತೇವೆಂದು ನಾನು ಅಂಜುತ್ತ ಕೇಳಿದೆ. ತಾಯಿ ಒಪ್ಪಿದರು, "ಅವಳಿಗೆ ಬೇಸರವಾಗಬಾರದು" ಎಂದು ನನ್ನ ತಂಗಿಯನ್ನೂ ಜೊತೆಗೆ ಕಳುಹಿಸಿದರು! ಅಮೃತ ಸರೋವರದ ಮೆಟ್ಟಿಲ ಮೇಲೆ ಮೂವರೂ ಕುಳಿತು ಚಿತ್ರಾನ್ನ ತಿಂದೆವು. ನಾನು ನಂದಿಯ ಶಾಸನಗಳ ವಿಷಯ ಹೇಳಿದೆ. ಹೆಂಡತಿ ಗಮನವಿಟ್ಟು ಕೇಳುತ್ತಿದ್ದಾಳೆಂದು ನನಗೆ ಬಹಳ ಸಂತೋಷವಾಗಿತ್ತು.

ಹನ್ನೊಂದು ವರ್ಷಗಳ ಬಳಿಕ ಮಕ್ಕಳೊಡನೆ ಗೋಕರ್ಣಕ್ಕೆ ಹೋದಾಗ ಆಕೆ ಸಮುದ್ರದ ಎದುರು ಬಹಳ ಹೊತ್ತು ಮಾತಿಲ್ಲದೆ ನಿಂತಳು. "ಮದುವೆಯಾದ ಹೊಸದರಲ್ಲಿ ಇದನ್ನು ನೋಡಬೇಕೆಂದಿದ್ದೆ" ಎಂದಳು. ಹೇಳಲಿಲ್ಲವೇಕೆ ಎಂದೆ. "ನೀವು ಕೇಳಲಿಲ್ಲ" ಎಂದಳು. ಮನೆದೇವರನ್ನು ನಿಶ್ಚಯಿಸಿದ್ದು ಹಿರಿಯರು, ನಂದಿಯನ್ನು ನಿಶ್ಚಯಿಸಿದ್ದು ನಾನು. ಹಿರಿಯರ ಕೈಯಿಂದ ಜಾರಿದ ಅಧಿಕಾರ ಅರ್ಧ ದಾರಿಯಲ್ಲಿ ನನ್ನಲ್ಲೇ ನಿಂತಿತ್ತು.

ತಮ್ಮನ ಮಗಳು ಕೇಳಿದ ಇಟಲಿಗೆ ಈಗ ಬರಬಹುದು. ಜಾರ್ಜ್ ಎಲಿಯಟ್ 1871-72ರಲ್ಲಿ ಪ್ರಕಟಿಸಿದ 'ಮಿಡ್ಲ್‌ಮಾರ್ಚ್' ಕಾದಂಬರಿಯ ಡೊರೊಥಿಯಾ ಮದುವೆಯಾಗಿ ಹೋಗುವುದು ರೋಮಿಗೆ. ಅದು ಆಕೆಯ ಆಯ್ಕೆಯಲ್ಲ; ವಿದ್ವಾಂಸನಾದ ಗಂಡನಿಗೆ ವ್ಯಾಟಿಕನ್ನಿನ ಹಸ್ತಪ್ರತಿಗಳನ್ನು ನೋಡಬೇಕಿತ್ತು. ಅವನು ಪುಸ್ತಕಾಲಯದಲ್ಲಿ, ಅವಳು ಬಿಡಾರದಲ್ಲಿ ಕಣ್ಣೀರಿಡುತ್ತ. ನಂದಿಯ ಶಾಸನಗಳನ್ನು ನೆನೆದು ಆ ಅಧ್ಯಾಯವನ್ನು ಪಾಠ ಮಾಡಬೇಕಾದವನು ನಾನಲ್ಲವೆಂದು, ಕನ್ನಡದ ಅಧ್ಯಾಪಕನಾದದ್ದಕ್ಕೆ ಸಮಾಧಾನಪಟ್ಟಿದ್ದೇನೆ. ಎಲಿಯಟ್ ತಾನೇ 1880ರ ಮೇ ತಿಂಗಳಲ್ಲಿ, ಅರುವತ್ತರ ವಯಸ್ಸಿನಲ್ಲಿ, ತನಗಿಂತ ಇಪ್ಪತ್ತು ವರ್ಷ ಕಿರಿಯನಾದ ಜಾನ್ ಕ್ರಾಸ್‌ನನ್ನು ಮದುವೆಯಾಗಿ ವೆನಿಸ್ಸಿಗೆ ಹೋದಳು. ಜೂನ್ ತಿಂಗಳ ಸೆಕೆಯಲ್ಲಿ ಅವನು ಹೋಟೆಲಿನ ಮಹಡಿಯಿಂದ ದೊಡ್ಡ ಕಾಲುವೆಗೆ ಹಾರಿಬಿಟ್ಟ. ದೋಣಿಯವರು ಎತ್ತಿ ಉಳಿಸಿದರು. ಮನಸ್ಸಿನ ಖಿನ್ನತೆಯ ಜೊತೆಗೆ ಸೆಕೆಯನ್ನೂ ಅದಕ್ಕೆ ಕಾರಣವಾಗಿ ಹೇಳುತ್ತಾರೆ.

ಬೇಸಿಗೆಯ ವಿಷಯದಲ್ಲಿ ಇಟಲಿಯವರೂ ನಮ್ಮಂತೆಯೇ. ಫ್ಲಾರೆನ್ಸಿನಲ್ಲಿ ಜುಲೈ ಬಿಸಿಲು 35 ಡಿಗ್ರಿ ದಾಟುವುದು ಅಪರೂಪವಲ್ಲ. ಮೆಡಿಚಿ ಮನೆತನದವರು ಊರ ಹೊರಗಿನ ಗುಡ್ಡಗಳಲ್ಲಿ ಮನೆಗಳನ್ನು ಕಟ್ಟಿಸಿಕೊಂಡಿದ್ದರು. ರೋಮಿನ ಪೋಪರು ಆಲ್ಬಾನೋ ಸರೋವರದ ಮೇಲಿನ ಕ್ಯಾಸ್ಟೆಲ್ ಗಂಡೋಲ್ಫೋಗೆ ಏರುತ್ತಿದ್ದರು. ಅದು ಅವರ ನಂದಿ. ಆಗಸ್ಟ್ 15ರ ಆಸುಪಾಸಿನಲ್ಲಿ ಊರಿನವರೇ ಅಂಗಡಿ ಮುಚ್ಚಿ ಕಡಲಿಗೋ ಬೆಟ್ಟಕ್ಕೋ ಹೋಗುತ್ತಾರೆ. ವೆನಿಸ್ಸಿನಲ್ಲಿ ಜನಜಂಗುಳಿ ಎಷ್ಟೆಂದರೆ, 2024ರಿಂದ ಕೆಲವು ದಿನಗಳಲ್ಲಿ ಒಂದೇ ದಿನಕ್ಕೆಂದು ಬರುವವರಿಂದ ಪ್ರವೇಶಶುಲ್ಕ ವಸೂಲು ಮಾಡತೊಡಗಿದರು.

ಇಷ್ಟನ್ನೂ ತಮ್ಮನ ಮಗಳಿಗೆ ದೂರವಾಣಿಯಲ್ಲಿ ಹೇಳಿದೆ. ಜೂನ್ ಮೊದಲ ವಾರವಾದರೆ ಸೆಕೆ ಅಷ್ಟಿರದು, ಬೆಳಗ್ಗೆ ಬೇಗ ತಿರುಗಾಡಿ ನಡುಹಗಲು ಒಳಗಿರಿ ಎಂದೂ ಸೇರಿಸಿದೆ. ಆದರೂ ಯಾವ ಊರು ಎಂದು ಆಕೆ ಬಿಡಲಿಲ್ಲ. ನಿನಗೆ ಯಾವುದು ಇಷ್ಟವೆಂದು ಕೇಳಿದೆ. ಕ್ಷಣ ತಡೆದು, "ನನಗೆ ವೆನಿಸ್. ಆದರೆ ಅವರಿಗೆ ಹೇಳಿಲ್ಲ" ಎಂದಳು. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ದೂರವಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಈ ಹೊತ್ತೇ ಹೇಳಮ್ಮ" ಎಂದಳು.

ಹೇಳಿದಳಂತೆ. ವೆನಿಸ್ಸೇ ಗೊತ್ತಾಗಿದೆ. ವಿಮಾನ ಹೊರಡುವುದು ದೇವನಹಳ್ಳಿಯಿಂದ. ಅದರ ಹಿಂದಿನ ದಿನ ಮನೆದೇವರಿಗೆ, ಘಾಟಿಗೆ. ಹದಿನೇಳು ಮಂದಿ ಹೋಗುತ್ತಿದ್ದೇವೆ.