'ವಿಟ್ನೆಸ್' ಚಿತ್ರ: ನೋಡಿದವರು ಮತ್ತು ನೋಡಲ್ಪಟ್ಟವರು

'ಆಮಿಶ್' ಎಂದೊಡನೆ ಕನ್ನಡಿಗರಿಗೆ 'ಆಮಿಷ' ಎಂಬ ಪದ ನೆನಪಾಗುವುದು ಸಹಜ. ಆದರೆ ಎಲ್ಲ ಬಗೆಯ ಆಮಿಷಗಳಿಂದ ದೂರವಿರಬಯಸುವ ಕ್ರೈಸ್ತ ಪಂಗಡವೊಂದರ ಹೆಸರಿದು. 1693ರಲ್ಲಿ ಯುರೋಪಿನಲ್ಲಿ ಮೂಲ ಪಂಗಡದಿಂದ ಬೇರ್ಪಟ್ಟ ಯಾಕೋಬ್ ಅಮ್ಮಾನ್ ಎಂಬಾತನಿಂದ ಈ ಹೆಸರು ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಇವರು ಅಮೆರಿಕದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದರು. ಇಂದಿಗೂ ಕುದುರೆಗಾಡಿಯಲ್ಲಿ ಸಂಚರಿಸುವ ಇವರು ಮನುಷ್ಯರ ಮೇಲೆ ಆಯುಧವೆತ್ತುವುದಿಲ್ಲ. ಛಾಯಾಚಿತ್ರಕ್ಕೆ ಮುಖವೊಡ್ಡುವುದು ಇವರ ದೃಷ್ಟಿಯಲ್ಲಿ ಅಹಂಕಾರ. ವಿಗ್ರಹವನ್ನು ನಿಷೇಧಿಸುವ ಬೈಬಲಿನ ಆಜ್ಞೆಗೂ ವಿರುದ್ಧ.

ಇಂತಹವರ ನಡುವೆ ಕಥೆಯನ್ನಿರಿಸಿ ಪೀಟರ್ ವಿಯರ್ ನಿರ್ದೇಶಿಸಿದ 'ವಿಟ್ನೆಸ್' ಎಂಬ ರೋಚಕ ಚಿತ್ರ 1985ರಲ್ಲಿ ತೆರೆಕಂಡಿತು. ಫಿಲಡೆಲ್ಫಿಯದ ರೈಲು ನಿಲ್ದಾಣದಲ್ಲಿ ನಡೆದ ಕೊಲೆಯೊಂದನ್ನು ಆಮಿಶ್ ಬಾಲಕನೊಬ್ಬ ಕಾಣುತ್ತಾನೆ. ಕೊಲೆಗಾರರು ಪೊಲೀಸರೇ. ಗಾಯಗೊಂಡ ಪತ್ತೇದಾರ (ಹ್ಯಾರಿಸನ್ ಫೋರ್ಡ್) ಬಾಲಕನ ವಿಧವೆ ತಾಯಿಯ ಹೊಲಮನೆಯಲ್ಲಿ ಅಡಗಿಕೊಳ್ಳುತ್ತಾನೆ. ಊರವರೆಲ್ಲ ಕೂಡಿ ಒಂದೇ ದಿನದಲ್ಲಿ ಕಣಜದ ಕಟ್ಟಡವನ್ನು ಎತ್ತಿ ನಿಲ್ಲಿಸುವ ದೃಶ್ಯವನ್ನು ಪ್ರೇಕ್ಷಕರು ಬಹುವಾಗಿ ಮೆಚ್ಚಿದರು. ಎಂಟು ಆಸ್ಕರ್ ನಾಮನಿರ್ದೇಶನಗಳಲ್ಲಿ ಮೂಲ ಚಿತ್ರಕಥೆ ಮತ್ತು ಸಂಕಲನಕ್ಕೆ ಪ್ರಶಸ್ತಿ ಸಂದಿತು. ಆ ಜನರನ್ನು ಎಷ್ಟು ಗೌರವದಿಂದ ತೋರಿಸಿದ್ದಾರೆಂದು ನಾನೂ ಮೆಚ್ಚಿದವನೇ.

ಆದರೆ ಆ ಜನರ ಪ್ರತಿಕ್ರಿಯೆ ಬೇರೆಯೇ ಆಗಿತ್ತೆಂಬುದು ಬಹುಕಾಲದ ಮೇಲೆ ನನಗೆ ತಿಳಿಯಿತು. 1984ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಚಿತ್ರೀಕರಣ ನಡೆದಾಗಲೇ ವಿರೋಧವೆದ್ದಿತ್ತು. ಆಮಿಶ್ ಮನೆತನದಲ್ಲಿಯೇ ಬೆಳೆದ ಸಮಾಜಶಾಸ್ತ್ರಜ್ಞ ಜಾನ್ ಹಾಸ್ಟೆಟ್ಲರ್ ಪ್ರತಿಭಟಿಸಿದವರಲ್ಲೊಬ್ಬರು. ಚಿತ್ರ ಬಿಡುಗಡೆಯಾದ ಮೇಲೆ, ಆಮಿಶ್ ಧಾರ್ಮಿಕ ಸ್ವಾತಂತ್ರ್ಯಕ್ಕಾಗಿ ದುಡಿಯುತ್ತಿದ್ದ ರಾಷ್ಟ್ರೀಯ ಸಮಿತಿ ಬಹಿಷ್ಕಾರಕ್ಕೆ ಕರೆ ನೀಡಿತು. ಎಂಟನೆಯ ತರಗತಿಯ ನಂತರ ಆಮಿಶ್ ಮಕ್ಕಳನ್ನು ಶಾಲೆಗೆ ಕಳುಹಿಸುವಂತೆ ಬಲವಂತ ಮಾಡಲಾಗದೆಂಬ ತೀರ್ಪನ್ನು 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಿಂದ ಪಡೆದ ಹೋರಾಟದ ಹಿಂದೆಯೂ ಇದ್ದುದು ಇದೇ ಸಮಿತಿ. ಪ್ರವಾಸಿಗರು ಮುಗಿಬಿದ್ದು, ಹೊಲಗಳಿಗೆ ನುಗ್ಗಿ, ಚಿತ್ರ ತೆಗೆಯುವರೆಂಬುದು ಅದರ ಭಯ. ಮುಂದೆ ಆಮಿಶ್ ನೆಲೆಗಳನ್ನು ಚಿತ್ರೀಕರಣದ ತಾಣಗಳಾಗಿ ಪ್ರಚಾರ ಮಾಡುವುದಿಲ್ಲವೆಂದು ರಾಜ್ಯದ ಗವರ್ನರ್ ಒಪ್ಪಬೇಕಾಯಿತು.

ವಿಪರ್ಯಾಸವೆಂದರೆ, ಕ್ಯಾಮೆರಾ ಹಿಡಿದು ಕಾಡುವ ಪ್ರವಾಸಿಗರನ್ನು ಆ ಚಿತ್ರವೇ ಅಪಹಾಸ್ಯ ಮಾಡುತ್ತದೆ. ಅದನ್ನು ಕಂಡು ನಕ್ಕ ನಾವು, ಅದೇ ಗಳಿಗೆಯಲ್ಲಿ ಆ ಪ್ರವಾಸಿಗರ ಸಾಲಿನಲ್ಲಿಯೇ ಕುಳಿತಿದ್ದೆವೆಂಬುದನ್ನು ಗಮನಿಸಲಿಲ್ಲ. ಗೌರವದಿಂದ ನೋಡುವುದು ಒಳ್ಳೆಯದೇ. ಆದರೆ 'ನಮ್ಮನ್ನು ನೋಡಬೇಡಿ' ಎಂದವರ ಪಾಲಿಗೆ ಅದೂ ನೋಟವೇ ಅಲ್ಲವೇ?

2006ರ ಅಕ್ಟೋಬರ್ 2ರಂದು ಅದೇ ಕೌಂಟಿಯ ನಿಕಲ್ ಮೈನ್ಸ್ ಎಂಬಲ್ಲಿ ಬಂದೂಕುಧಾರಿಯೊಬ್ಬ ಆಮಿಶ್ ಶಾಲೆಗೆ ನುಗ್ಗಿ ಐವರು ಬಾಲಕಿಯರನ್ನು ಕೊಂದು ತಾನೂ ಸತ್ತನು. ಆಮಿಶ್ ಜನ ಹಂತಕನ ಕುಟುಂಬದ ಬಳಿಗೆ ಹೋಗಿ ಕ್ಷಮೆಯ ಮಾತನ್ನಾಡಿದರು. ಎರಡು ವಾರಗಳೊಳಗೆ ಆ ಶಾಲೆಯನ್ನು ಕೆಡವಲಾಯಿತು. ಆ ಸ್ಥಳವನ್ನು ಹುಲ್ಲುಗಾವಲಾಗಿಯೇ ಬಿಟ್ಟರು. ಮಕ್ಕಳಿಗೆ ಬೇರೆಡೆ ಹೊಸ ಶಾಲೆ ಎದ್ದಿತು.

ಮಕ್ಕಳಿಗೆ ಪಾಠ ಹೇಳಿದ ನನಗೆ ಚಿತ್ರದ ಕಣಜಕ್ಕಿಂತ ಆ ಬರಿಯ ಹುಲ್ಲುಗಾವಲೇ ಈಗ ಹೆಚ್ಚು ನೆನಪಾಗುತ್ತದೆ. ಚರಿತ್ರೆಯೆಂದರೆ ಸಾಕ್ಷ್ಯ ಎಂದು ತರಗತಿಯಲ್ಲಿ ನಿಮಗೆ ಹೇಳುತ್ತಿದ್ದೆ. ಸಾಕ್ಷಿಯಾಗುವವನು ಕೆಲವೊಮ್ಮೆ ಕಣ್ಣು ತಗ್ಗಿಸಿ ನಿಲ್ಲುವುದನ್ನೂ ಕಲಿತಿರಬೇಕೆಂದು ಅಂದು ಹೇಳಿರಲಿಲ್ಲ. ಇಂದು ಆ ಪಾಠವನ್ನು ಪೂರ್ತಿಗೊಳಿಸುತ್ತಿದ್ದೇನೆ.